ಪೆಟ್ಟಿಗೆಯಿಲ್ಲದೆ ಹಾಡಿದ ಕೀರ್ತನೆ

ನನ್ನ ಮೇಷ್ಟ್ರೇ,

ಹೋದ ವರ್ಷ ಹುಣಸೂರಿನ ನಮ್ಮ ಚರ್ಚಿನಲ್ಲಿ ನಿಮ್ಮ ಕೀರ್ತನೆ ನಡುವೆಯೇ ನಿಂತುಹೋಯಿತಲ್ಲ, ಅದು ನನ್ನಿಂದ. ಆಳದಲ್ಲಿ ಬಿದ್ದವನೊಬ್ಬ ದೇವರನ್ನು ಕೂಗುವ ಬೈಬಲಿನ ಮಾತುಗಳಿಗೆ ನೀವು ನಾಲ್ಕು ದನಿಗಳ ರಾಗ ಕಟ್ಟಿದ್ದಿರಿ. ಹಾರ್ಮೋನಿಯಂ ಪೆಟ್ಟಿಗೆ ಬೇಡ, ಬರೀ ಗಂಟಲು ಸಾಕು ಎಂದಿದ್ದಿರಿ. ಮೂರನೆಯ ಚರಣದಲ್ಲಿ ನಾನು ಹೆಂಗಸರ ಕೆಳದನಿ ಬಿಟ್ಟು ಮೇಲಿನ ದನಿಯ ಹಿಂದೆ ಹೋದೆ. ಎಲ್ಲರೂ ತಪ್ಪಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನೀವು ಕೈ ಇಳಿಸಿ, "ನಾನು ಕಟ್ಟಿದ್ದೇ ತಪ್ಪು ಕಣಮ್ಮ ಎಸ್ತರ್. ಇದು ಹಾಡೋಕಾಗೋದಲ್ಲ" ಎಂದಿರಿ. ತಪ್ಪಿದ್ದು ನಾನು ಎಂದು ಆಗಲೇ ಏಕೆ ಹೇಳಲಿಲ್ಲ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ನಿಮಗೆ ಜ್ವರ ಬಂತು. ಆಮೇಲೆ...

ನಿಮ್ಮನ್ನು ಮಣ್ಣು ಮಾಡಿದ ಹದಿನೈದು ದಿನಕ್ಕೆ ನಿಮ್ಮ ಮನೆಗೆ ಹೋಗಿ, ನಿಮ್ಮ ಹೆಂಡತಿ ಅಮ್ಮನವರ ಹತ್ತಿರ ಆ ಕೀರ್ತನೆ ಬರೆದ ಹಾಳೆಗಳನ್ನು ಕೇಳಿದೆ. "ಇನ್ನೊಂದ್ ಕಿತ ಜನ ನಗ್ಲಿ ಅಂತಾನಾ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. "ಅವ್ರು ಕಡೇಗಂಟ ಅದ್ನೇ ನೆನ್ಸ್ಕೊಂಡ್ ಹೋದ್ರು ಕಣವ್ವ" ಎಂದು ಒಳಗೆ ಹೋಗಿ, ಹಾಳೆಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಗಾಡಿ ಹೊಡೆಯುವ ಯೋಸೇಪಣ್ಣನನ್ನು ಗಂಡಸರ ಕೆಳದನಿಗೆ ಕರೆದಾಗ, "ಬುಡಿ ಟೀಚ್ರಮ್ಮ, ನನ್ ಗಂಟ್ಲು ಎತ್ತು ಅಟ್ಟಾಕೇ ಸರಿ" ಅಂದ. ನಾನು ಬಿಡಲಿಲ್ಲ. ಅವನಿಗೆ ಓದು ಬಾರದು. ಸಾಲು ಸಾಲಾಗಿ ಬಾಯಿಪಾಠ ಮಾಡಿಸಿದೆ. ಹನಗೋಡಿನಿಂದ ಹೊಗೆಸೊಪ್ಪು ಹೇರಿಕೊಂಡು ಬರುವಾಗ ದಾರಿಯುದ್ದಕ್ಕೂ ಅದನ್ನೇ ಹಾಡುತ್ತಿದ್ದನಂತೆ. ಸಭೆಯ ಹಿರಿಯರು, "ಪೆಟ್ಟಿಗೆ ಇಟ್ಕೊಳ್ಳಿ, ಮರ್ವಾದೆ ಉಳೀತದೆ" ಎಂದರು. "ಮೇಷ್ಟ್ರು ಬರೆದಂಗೇ ಹಾಡ್ತೀವಿ ಕಣ್ರಯ್ಯ" ಎಂದೆ.

ಮೊನ್ನೆ ಶುಭ ಶುಕ್ರವಾರ ಹಾಡಿದೆವು, ಮೇಷ್ಟ್ರೇ. ಮೊದಲು ಎದ್ದುನಿಂತು, ಹೋದ ವರ್ಷ ತಪ್ಪಿದ್ದು ಮೇಷ್ಟ್ರಲ್ಲ, ನಾನು ಎಂದು ಇಡೀ ಸಭೆಗೆ ಹೇಳಿದೆ. ಮೂರನೆಯ ಚರಣ ಬಂತು. ಪಕ್ಕದ ದನಿ ಎಳೆಯಿತು. ನನ್ನ ಸ್ವರದ ಮೇಲೇ ಕಾಲೂರಿ ನಿಂತೆ. ಕೊನೆಗೆ ಶ್ರುತಿ ತುಸು ಇಳಿದಿತ್ತು, ನಿಮಗೆ ಸುಳ್ಳು ಹೇಳಲಾರೆ. ಆದರೆ ನಾಲ್ಕು ದನಿಗಳೂ ಒಟ್ಟಿಗೇ ಮುಗಿದವು. ಅಮ್ಮನವರು ಕೂತಲ್ಲಿಂದಲೇ, "ಇನ್ನೊಂದ್ ಕಿತ ಹಾಡ್ರವ್ವ" ಎಂದರು. ಹಾಡಿದೆವು.

ಪಿರಿಯಾಪಟ್ಟಣದ ಚರ್ಚಿನವರು ತಮಗೂ ಕಲಿಸಿಕೊಡಿ ಎಂದು ಹೇಳಿಕಳಿಸಿದ್ದಾರೆ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅವರಿಗಾಗಿ ಹಾಳೆಗಳನ್ನು ನಕಲು ಮಾಡುವಾಗ ನೋಡಿದೆ: ನೀವು ಎಲ್ಲಿಯೂ ನಿಮ್ಮ ಹೆಸರು ಹಾಕಿಲ್ಲ. ನಾನು ಹಾಕಿದ್ದೇನೆ, ಪ್ರತಿ ಹಾಳೆಯ ಮೇಲೂ, ದಪ್ಪಕ್ಷರದಲ್ಲಿ.

ನಿಮ್ಮ
ಎಸ್ತರ್