ಹಗ್ಗ ಹಿಡಿದವಳ ಮನೆ

ಉರಾಜಿ, ಜಪಾನ್
೨೧೯೪, ಹದಿಮೂರನೆಯ ತಿಂಗಳು, ಎರಡನೆಯ ಇಳಿತ

ಪ್ರೀತಿಯ ಶೇವಂತಿಗೆ,

ತಾರೀಕು ನೋಡಿ ಅಜ್ಜಿಗೆ ಅರಳುಮರಳು ಎನ್ನಬೇಡ. ಇಲ್ಲಿ ದಿನಗಳನ್ನು ಕಡಲಿನ ಇಳಿತ ನೋಡಿ ಎಣಿಸುತ್ತಾರೆ, ಅದು ಚಂದ್ರನ ಲೆಕ್ಕ, ಹಾಗಾಗಿ ವರ್ಷಕ್ಕೆ ತಿಂಗಳು ಹದಿಮೂರು. ಹನ್ನೊಂದು ವರ್ಷದಿಂದ ಗೋಡೆಯ ಜೊತೆ ಮಾತ್ರ ಆಡಿದ ಕನ್ನಡ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಈ ಊರು ನೋಡಲು ಬರುತ್ತೇನೆಂದು ಬರೆದಿದ್ದೀಯ. ನಾನೂ ಮೂರು ದಿನ ನೋಡಿ ಹೋಗಲೆಂದೇ ಬಂದವಳು. ನೀರಿನ ಅಂಚಿಗೇ ನಿಂತ ಮರದ ಮನೆಗಳು, ಕೆಳಗೆ ದೋಣಿ, ಮೇಲೆ ಮನುಷ್ಯರು. ಕಡಲು ಏರಿ ಏಳು ಮೆಟ್ಟಿಲು ನುಂಗಿದೆ. ಊಟಕ್ಕೆ ಕೂತರೆ ಕಾಲಡಿಯಲ್ಲಿ ದೋಣಿ ಗೋಡೆಗೆ ಬಡಿಯುತ್ತದೆ. ಬಂಗಡೆಯಂಥ ಮೀನನ್ನು ತೌಡಿನಲ್ಲಿ ಹೂತಿಟ್ಟು ತಿನ್ನುತ್ತಾರೆ, ಹುಣಸೆಯಿಲ್ಲ, ಮೆಣಸಿಲ್ಲ. ಆದರೂ ಮೊದಲ ದಿನ ಸ್ವರ್ಗವೆಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ, ನಾನು ಇಳಿದುಕೊಂಡಿದ್ದ ಮನೆಯ ಯಜಮಾನ ತೊಕುಜಿ ಕಡಲಿನಿಂದ ಬಂದು ದಡಕ್ಕೆ ಹಗ್ಗ ಎಸೆದ. ಪ್ರವಾಸಿಗರೆಲ್ಲ ಚಿತ್ರ ತೆಗೆಯುತ್ತ ನಿಂತಿದ್ದರು. ನಾನು ತದಡಿಯ ಮೀನುಗಾರ ಹರಿಕಂತ್ರರ ಮಗಳು, ಸುಮ್ಮನೆ ನಿಲ್ಲಲಾದೀತೇ? “ಹಗ್ಗ ಬಿದ್ದಲ್ಲಿ ಕೈ ಹಾಕ್ದೇ ಇದ್ದವ್ರು ಮೀನು ತಿನ್ನೂಕಾಗ” ಎಂದು ಬೆಳೆಸಿದ ಮನೆ ನಮ್ಮದು. ಹಿಡಿದು ಎಳೆದೆ. ತೊಕುಜಿ ನನ್ನ ಕಾಲಿಗೆ ಬಿದ್ದು ಅತ್ತ. ದಣಿದಿದ್ದಾನೆ ಎಂದುಕೊಂಡೆ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ದೋಣಿ ಎಳೆದವರಿಗೆ ಆ ಮನೆಯಲ್ಲಿ ಪಾಲು ಎಂಬುದು ಇಲ್ಲಿಯ ಹಳೆಯ ಪದ್ಧತಿಯಂತೆ. ಊರು ಖಾಲಿಯಾಗತೊಡಗಿದಾಗ ಅದನ್ನೇ ಕಾನೂನು ಮಾಡಿದರು. ಮನೆಗೊಬ್ಬ ‘ಮನೆಗೈ’ ಇರಲೇಬೇಕು. ಮನೆಗೈ ಎಂದರೆ ದಿನವೂ ದೋಣಿ ಇಳಿಸಿ, ಆ ಮನೆಯಲ್ಲೇ ಬಾಳುವವರು. ಹಗ್ಗವೇ ಎಳೆದವರ ಅಂಗೈ ಓದಿ ಮನೆಗೈ ಎಂದು ಬರೆದುಕೊಳ್ಳುತ್ತದೆ; ಆಮೇಲೆ ಅವರು ಊರು ಬಿಡುವಂತಿಲ್ಲ. ಮರುದಿನ ಬೆಳಿಗ್ಗೆ ತೊಕುಜಿ ಒಂದು ಚೀಲವೂ ಇಲ್ಲದೆ ಹಡಗು ಹತ್ತಿದ. ನನ್ನ ಅಂಗೈಗೆ ಹಡಗಿನ ಬಾಗಿಲು ತೆರೆಯಲಿಲ್ಲ. ಇಂದಿಗೂ ತೆರೆದಿಲ್ಲ.

ಇನ್ನೊಬ್ಬರು ಹಗ್ಗ ಹಿಡಿದರೆ ನನಗೆ ಬಿಡುಗಡೆ. ದಿನವೂ ಎಸೆಯುತ್ತೇನೆ. ಒಬ್ಬರೂ ಹಿಡಿಯುವುದಿಲ್ಲ; ಆ ಬುದ್ಧಿ ನಮ್ಮ ಮನೆಯವರನ್ನು ಬಿಟ್ಟರೆ ಯಾರಲ್ಲೂ ಉಳಿದಿಲ್ಲ. ನಿನ್ನ ಪತ್ರ ಓದಿ ಕುಣಿದುಬಿಟ್ಟೆ ಶೇವಂತಿ. ಯಾಕೆ ಕುಣಿದೆ ಎಂದು ಹೊಳೆದಾಗ ನಾಚಿಕೆಯಾಯಿತು.

ಬಾ, ನಿನ್ನನ್ನು ನೋಡಬೇಕು. ಒಂದು ಮುಷ್ಟಿ ಹುಣಸೆಹಣ್ಣು ತಾ. ಆದರೆ ನನ್ನ ದೋಣಿ ದಡಕ್ಕೆ ಬರುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲು. ನಾನು ನಗಬಹುದು, ಮುಳುಗುತ್ತಿದ್ದೇನೆ ಎಂದು ಕೂಗಬಹುದು, ನಿನ್ನ ಅಜ್ಜನ ಆಣೆ ಹಾಕಬಹುದು. ಈ ಕಾಗದ ಬರೆದವಳು ನಿನ್ನ ಅಜ್ಜನ ಅಕ್ಕ. ಹಗ್ಗ ಎಸೆಯುವವಳನ್ನು ಮಾತ್ರ ನಂಬಬೇಡ.

ಸುಗಂಧಿ