ಹನ್ನೆರಡು ರವಿವಾರದ ಸಹಿ

ಧನಕವಡಿ, ಪುಣೆ
ಬುಧವಾರ, ೧೭ ಸೆಪ್ಟೆಂಬರ್ ೨೦೨೫

ಪ್ರೀತಿಯ ಕಾಶತ್ತೀ,

ನಿಮ್ಮ ರೇಣುವಿನ ನಮಸ್ಕಾರ. ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆ ಎಂದು ಬಳೆ ತೂರಿಸಿ ಕೆರೆದುಕೊಂಡಿರಂತೆ, ಮಾಂತಣ್ಣ ಹೇಳಿದ. ಹಾಗೆ ಮಾಡಬೇಡಿ ಅತ್ತಿ. ಶಿರೂರಿನ ನೀರು ಒಗ್ಗಿತೇ? ಮಗ ಮಾಂತಣ್ಣನ ಮನೆ ಎಂದು ಸಂಕೋಚಪಟ್ಟು ಅರ್ಧ ಊಟ ಮಾಡುತ್ತಿಲ್ಲ ತಾನೇ? ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ಆ ಮನೆಯಲ್ಲಿ ಉಳಿದವರೆಲ್ಲ ಮರಾಠಿ ಶಾಲೆಯಲ್ಲಿ ಓದಿದವರು, ಕನ್ನಡ ಓದಲು ಬರುವುದು ನಿಮಗೊಬ್ಬರಿಗೇ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹಾಸ್ಟೆಲ್ಲು ಹೇಗಿದೆ ಎಂದು ಪ್ರತಿ ಸಲ ಕೇಳುತ್ತಿದ್ದಿರಿ, ನಾನು "ಛಲೋ ಅದ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಮೂರನೇ ಮಹಡಿಯ ಕೋಣೆ, ಮೂರು ಮಂಚ, ಎರಡೇ ಕಪಾಟು. ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ, ಅದಕ್ಕೆ ಮೊದಲೇ ಬಕೆಟ್ಟುಗಳು ನಮ್ಮ ಪರವಾಗಿ ಸಾಲು ನಿಂತಿರುತ್ತವೆ. ನನ್ನದರ ಮೇಲೆ ನೇಲ್‌ಪಾಲಿಶಿನಲ್ಲಿ ಹೆಸರು ಬರೆದಿದ್ದೇನೆ, ಆದರೂ ವಾರಕ್ಕೊಮ್ಮೆ ಯಾರದೋ ಬಟ್ಟೆ ಅದರಲ್ಲಿ ನೆನೆದಿರುತ್ತದೆ. ದಿನಾ ಬೆಳಿಗ್ಗೆ ಪೋಹೆ, ಅದೇ ಒಗ್ಗರಣೆ ಅವಲಕ್ಕಿ. ಜಗಳ ಆಡಿದವರೇ ಸಂಜೆ ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚುತ್ತಾರೆ. ನನ್ನ ಪಕ್ಕದ ಮಂಚದ ಇಂಪನಾ ಮಂಡ್ಯದವಳು, ನನ್ನ ಮಾತನ್ನು ಅಣಕಿಸುತ್ತಾಳೆ, ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವಳೂ ಅವಳೇ. ನಮ್ಮ ಕೋಣೆಯ ಪದ್ಧತಿ ಏನೆಂದರೆ, ಮನೆಯಿಂದ ಡಬ್ಬಿ ಬಂದರೆ ಯಾರ ಹೆಸರಿಗೆ ಬಂದಿದೆಯೋ ಅವರು ಕೊನೆಗೆ ತಿನ್ನಬೇಕು. ಹಾಗಾಗಿ ನಿಮ್ಮ ಶೇಂಗಾ ಹಿಂಡಿ ನನಗೆ ಸಿಗುತ್ತಿದ್ದುದು ಡಬ್ಬಿಯ ತಳದಲ್ಲಿ ಅಂಟಿಕೊಂಡಷ್ಟೇ.

ರವಿವಾರ ಹೊರಗೆ ಹೋಗಬೇಕಾದರೆ ಗಾರ್ಡಿಯನ್ ಕಾರ್ಡು ಬೇಕು. ಹನ್ನೆರಡು ಸಾಲಿನ ಹಳದಿ ಕಾರ್ಡು. ಹುಡುಗಿ ಹತ್ತಕ್ಕೆ ನಮ್ಮ ಮನೆಗೆ ಬಂದಳು, ಐದಕ್ಕೆ ಹೊರಟಳು ಎಂದು ಗಾರ್ಡಿಯನ್ ವಾರವಾರ ಸಹಿ ಮಾಡಬೇಕು. ಜುಲೈಯಲ್ಲಿ ಅಪ್ಪ ನನ್ನನ್ನು ಬಿಬವೇವಾಡಿಯ ನಿಮ್ಮ ಮನೆಗೆ ಕರೆತಂದು, "ಅಕ್ಕಾ, ಇಕಿ ಇನ್ನ ನಿನ್ನ ಜವಾಬ್ದಾರಿ" ಎಂದಾಗ ನೀವು ಆ ಕಾರ್ಡು ತೆಗೆದುಕೊಂಡು ಒಂದೇ ಉಸಿರಿಗೆ ಹನ್ನೆರಡೂ ಸಾಲಿಗೆ ಸಹಿ ಹಾಕಿಬಿಟ್ಟಿರಿ. "ವಾರಾವಾರ ಚಸ್ಮಾ ಎಲ್ಲಿ ಹುಡುಕಲೇ? ನೀ ಬರೂದಂತೂ ಬರ್ತಿಯಲ್ಲ" ಎಂದಿರಿ. ನೆನಪಿದೆಯೇ? ನನಗಂತೂ ಈಗ ದಿನವೂ ನೆನಪಾಗುತ್ತದೆ.

ಮೊದಲ ಮೂರು ರವಿವಾರ ಬಂದೆ. ನಾಲ್ಕನೆಯದು ಇಂಪನಾಳ ಹುಟ್ಟುಹಬ್ಬ, ಎಲ್ಲರೂ ಸಿನಿಮಾಕ್ಕೆ ಹೊರಟರು. ನನ್ನ ಕಾರ್ಡಿನಲ್ಲಿ ನಿಮ್ಮ ಸಹಿ ತಯಾರಿತ್ತು. ತಪ್ಪಿಸಿಕೊಳ್ಳುವುದು ಅಷ್ಟು ಸುಲಭವೆಂದು ಗೊತ್ತಾದ ಮೇಲೆ ಐದನೆಯದಕ್ಕೆ ನೆಪವೂ ಬೇಕಾಗಲಿಲ್ಲ. ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ ಅತ್ತಿ, ಅಷ್ಟೇ. ನೀವು ಬೈಯಲೂ ಇಲ್ಲ. "ಅಭ್ಯಾಸ ಭಾಳ ಇರಬೇಕು ಕೂಸಿಗೆ" ಎಂದುಕೊಂಡು, ನನಗಾಗಿ ಮಾಡಿದ ರೊಟ್ಟಿಯನ್ನು ಒಣಗಿಸಿ, ಮಂಗಳವಾರ ಇತ್ತ ಭಜನೆಗೆ ಬರುವ ಪಕ್ಕದ ಮನೆಯ ವಿಶಾಲಮ್ಮನ ಕೈಯಲ್ಲಿ ಗೇಟಿಗೆ ಕಳಿಸುತ್ತಿದ್ದಿರಿ. "ಇಂಥ ಅತ್ತೆ ನಂಗೂ ಒಬ್ರು ಕೊಡ್ಸೇ" ಎನ್ನುತ್ತ ಇಂಪನಾ ಕಡಕ್ ರೊಟ್ಟಿಯನ್ನು ಬಿಸ್ಕಿಟ್ಟಿನ ಹಾಗೆ ಮುರಿದು ತಿನ್ನುತ್ತಿದ್ದಳು. ರೊಟ್ಟಿ ಬಂತೆಂದರೆ ಆ ವಾರ ನೀವು ಕಾದು ಕೂತಿದ್ದಿರಿ ಎಂದೇ ಅರ್ಥ. ಅದು ನನಗೆ ಹೊಳೆದಿತ್ತು. ಹೊಳೆದರೂ ನಕ್ಕೊಂಡು ತಿಂದೆ.

ಎಂಟನೆಯ ರವಿವಾರ, ಆಗಸ್ಟ್ ಇಪ್ಪತ್ನಾಲ್ಕು. ನಾವು ನಾಲ್ವರು ಸಿಂಹಗಡ ಹತ್ತಿದೆವು. ಮೇಲೆ ಮಂಜಿನಲ್ಲಿ ಕೂತು ಪಿಠಲೆ ಭಾಕರಿ, ಅಂದರೆ ನಮ್ಮ ಝುಣಕ ರೊಟ್ಟಿಯನ್ನೇ, ತಿಂದೆವು. ಜನ್ಮದಲ್ಲಿ ರೊಟ್ಟಿ ಕಾಣದವಳ ಹಾಗೆ ನಾನು ಹೊಗಳಿ ಹೊಗಳಿ ತಿಂದೆ. ಅದೇ ಹೊತ್ತಿಗೆ ನೀವು ನನಗೆಂದು ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸಲು ಸ್ಟೂಲು ಹತ್ತಿದಿರಿ. ವಿಶಾಲಮ್ಮ ಹೆಪ್ಪು ಕೇಳಲು ಬಂದದ್ದು ಎರಡು ಗಂಟೆಗೆ. ಅಲ್ಲಿಯವರೆಗೆ ನೀವು ಅಡಿಗೆಮನೆಯ ನೆಲದ ಮೇಲೆ ಒಬ್ಬರೇ ಬಿದ್ದಿದ್ದಿರಿ.

ಮಾಂತಣ್ಣ ಆಸ್ಪತ್ರೆಯಿಂದ ಹಾಸ್ಟೆಲಿಗೆ ಫೋನು ಮಾಡಿದರೆ ರೆಕ್ಟರ್ ಮೇಡಂ ರಿಜಿಸ್ಟರ್ ತೆಗೆದು, ಅವಳು ನಿಮ್ಮ ತಾಯಿಯ ಮನೆಯಲ್ಲೇ ಇದ್ದಾಳಲ್ಲ ಎಂದರಂತೆ. ಅಷ್ಟು ನೋವಿನಲ್ಲೂ ನಿಮಗೆ ಎಲ್ಲ ತಿಳಿದುಹೋಯಿತು. ಮರುದಿನ ಅಪ್ಪ, ಮಾಂತಣ್ಣ ಎಲ್ಲರೂ ಮಂಚದ ಸುತ್ತ ನಿಂತಿರುವಾಗ ನಾನು ಬಂದೆ. ನೀವು ನನ್ನ ಕೈ ಹಿಡಿದು, "ನಿಮ್ಮೆಲ್ಲಾರಕಿಂತ ಮೊದಲ ಬಂದು ಅಕೀನ ನನಗ ನೀರು ಕುಡಿಸಿದ್ಲು. ಪರೀಕ್ಷಾ ಅದ ಅಂತ ನಾನ ಹೊಳ್ಳಿ ಕಳಿಸೀನಿ" ಎಂದಿರಿ. ಅಪ್ಪ ನನ್ನ ತಲೆ ಸವರಿ, "ಮಗಳನ್ನ ಪುಣೇಕ್ಕ ಕಳಿಸಿದ್ದು ಸಾರ್ಥಕ ಆತು" ಎಂದರು. ನಾನು ತಲೆ ತಗ್ಗಿಸಿ ನಿಂತೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಂದೇ ನನ್ನ ಟ್ರಂಕು ನಮ್ಮೂರು ಅಥಣಿಯ ಬಸ್ಸು ಹತ್ತುತ್ತಿತ್ತು, ಅದಕ್ಕೇ ತಾನೇ ನೀವು ಹಾಗೆ ಹೇಳಿದ್ದು? ನೀವು ಸುಳ್ಳು ಹೇಳಿದ್ದನ್ನು ಯಾರೂ ಕಂಡಿಲ್ಲ ಅತ್ತಿ. ನನಗಾಗಿ ಹೇಳಿದಿರಿ.

ಮೊನ್ನೆ ರವಿವಾರ ನಾನೇ ಬಿಬವೇವಾಡಿಗೆ ಹೋದೆ. ನಿಮ್ಮನ್ನು ಶಿರೂರಿಗೆ ಕರೆದೊಯ್ದರೆಂದು ಗೊತ್ತಿದ್ದೂ ಹೋದೆ. ಬೀಗ ಹಾಕಿತ್ತು. ವಿಶಾಲಮ್ಮ ಒಳಗಿನಿಂದ ಒಂದು ಡಬ್ಬಿ ತಂದು ಕೊಟ್ಟರು. "ಆವತ್ತ ನಿನ್ನ ಸಲುವಾಗಿ ಮಾಡಿದ್ವು. ಒಗೀಲಿಕ್ಕೆ ಮನಸಾಗಲಿಲ್ಲ" ಎಂದರು. ನನ್ನ ಮುಖ ನೋಡದೆ ಒಳಗೆ ಹೋದರು. ಆರು ರೊಟ್ಟಿ. ಕೋಣೆಯ ಪದ್ಧತಿ ಮುರಿದು ಅವನ್ನು ಯಾರಿಗೂ ಕೊಟ್ಟಿಲ್ಲ. ದಿನಕ್ಕೊಂದರಂತೆ ನೀರಲ್ಲಿ ನೆನೆಸಿ ತಿನ್ನುತ್ತಿದ್ದೇನೆ. ತಪ್ಪಾಯಿತು ಅತ್ತಿ. ದೊಡ್ಡ ತಪ್ಪಾಯಿತು.

ಮಾತ್ರೆ ಬಿಡಬೇಡಿ. ಒಬ್ಬರೇ ಏಳಬೇಡಿ. ಅತ್ತಿಗೆಗೆ ನೆನಪು ಹೇಳಿ, ಮಕ್ಕಳಿಗೆ ಮುತ್ತು ಕೊಡಿ. ನಿಮ್ಮ ಕಾಲಿಗೆ, ಮುಖ್ಯವಾಗಿ ಆ ಎಡಗಾಲಿಗೆ, ನನ್ನ ನಮಸ್ಕಾರ.

ನಿಮ್ಮ ಸೊಸೆ,
ರೇಣು

ತಾ.ಕ.: ಮೆಸ್ಸಿನ ಗಂಟೆ ಹೊಡೆಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪತ್ರ ಮುಗಿಸಿ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಅವರು "ನಮ್ಮ ಅಕ್ಕನ ಬಾಯಾಗ ಸುಳ್ಳು ಹಾಕಿದೆಲ್ಲ" ಎಂದು ಫೋನು ಇಟ್ಟುಬಿಟ್ಟರು. ನನ್ನನ್ನು ಇಲ್ಲಿ ಬಿಡುತ್ತಾರೋ ಇಲ್ಲವೋ ತಿಳಿಯದು. ನೀವು ಇನ್ನು ನನ್ನ ಪರ ಏನೂ ಹೇಳಬೇಡಿ. ರೆಕ್ಟರ್ ಮೇಡಂಗೂ ಹೇಳಿದೆ. ಹಳೆಯ ಕಾರ್ಡು ಕಿತ್ತುಕೊಂಡರು, ಒಂದು ತಿಂಗಳು ಗೇಟು ದಾಟುವಂತಿಲ್ಲ. ಬರಬೇಕೆಂದು ಜೀವ ಬಡಿದುಕೊಳ್ಳುವಾಗ ಬರಲಾಗದು, ನೋಡಿ. ಹೊಸ ಕಾರ್ಡು ಇದರೊಳಗಿದೆ. ನಾನು ಇನ್ನೂ ನಿಮ್ಮ ಜವಾಬ್ದಾರಿ ಎನ್ನಿಸಿದರೆ ಮೇಲೆ ಗಾರ್ಡಿಯನ್ ಎಂದಿರುವ ಕಡೆ ಮಾತ್ರ ಸಹಿ ಮಾಡಿ ಕಳಿಸಿ. ಕೆಳಗಿನ ಹನ್ನೆರಡು ಸಾಲು ಖಾಲಿ ಬಿಡಿ. ನಾನು ಬಂದು, ಎದುರಿಗೆ ಕೂತು, ಉಂಡ ಮೇಲೆ ಒಂದೊಂದಾಗಿ ಹಾಕುವಿರಂತೆ. ಚಸ್ಮಾ ನಾನೇ ಹುಡುಕಿಕೊಡುತ್ತೇನೆ.