ಬಂಡೆಯ ಕಡೆಗೆ ಮುಖ

ಸಿಯೆರಾ ಮಾದ್ರೆ ಬೆಟ್ಟಸಾಲು, ಸೊನೋರಾ
ಡಿಸೆಂಬರ್ 1885, ಹಿಮ ಬಿದ್ದ ಮರುದಿನ

ಪ್ರೀತಿಯ ದಿಲ್ಜೇ,

ಹೇಗಿದ್ದೀ? ಕೆಮ್ಮು ಇಳಿಯಿತೇ? ಮೀಸಲು ನೆಲದ ಸರ್ಕಾರಿ ಏಜೆನ್ಸಿಯವರು ಕೊಡುವ ಹಿಟ್ಟಿನಲ್ಲಿ ಹುಳವಿದ್ದರೆ ಸುಮ್ಮನೆ ಹೊತ್ತು ತರಬೇಡ, ಅವರೆದುರಿಗೇ ಸುರಿದು ತೋರಿಸು. ಅದು ಭಿಕ್ಷೆಯಲ್ಲ, ನಮ್ಮ ನೆಲದ ಬೆಲೆ. ನನಗೇನೂ ಆಗಿಲ್ಲ. ಎಡಗಿವಿಯ ತುದಿ ಹೋಗಿದೆ, ಅಷ್ಟೆ. ನೀನು ಶಾಲೆಯಲ್ಲಿ ಅಕ್ಷರ ಕಲಿತದ್ದು ಒಳ್ಳೆಯದಾಯಿತು. ಈ ಸುದ್ದಿಯನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು.

ತಲೆಗೆ ಕೆಂಪು ಬಟ್ಟೆ ಕಟ್ಟಿ ನಾನು ಸೈನ್ಯದ ಬೇಹುಗಾರನಾದ ದಿನ ನೀನು ಕೇಳಿದ್ದು ಒಂದೇ: "ಮೀಸಲು ನೆಲ ಬಿಟ್ಟು ಓಡಿಹೋದವರ ಜೊತೆ ಅಮ್ಮ ಇದಾಳೆ. ಅವಳನ್ನ ಜೀವಂತ ಕರ್ಕೊಂಡು ಬಾ." ನಾನು ಒಪ್ಪಿದೆ. ಸೈನ್ಯ ಹಂಚಿದ ಕರಪತ್ರಗಳನ್ನು ನಂಬಿದ್ದೆ: ಶರಣಾದವರಿಗೆ ನೆಲ, ಕಾನೂನಿನ ಮುಂದೆ ಎಲ್ಲರೂ ಸಮ. ಬಿಳಿಯರು ಹುಡುಕಿದರೆ ಕೊಲ್ಲುತ್ತಾರೆ, ಅಪಾಚೆಗಳಾದ ನಾವು ಹುಡುಕಿದರೆ ಮನೆಗೆ ಕರೆತರುತ್ತೇವೆ ಎಂದು ಸಾರಿಕೊಂಡು ತಿರುಗಿದೆ. ನಮ್ಮ ಸಾರ್ಜೆಂಟ್ ತ್ಸಾಯೆ ನಗುತ್ತಿದ್ದ: "ಲೋ ಕಾಗದದ ಹುಳ, ಗುಂಡಿಗೆ ಓದೋಕೆ ಬರಲ್ಲ ಕಣೋ."

ನಿನ್ನೆ ಬೆಳಕು ಹರಿಯುವಾಗ ಅವರ ಬಿಡಾರ ಸಿಕ್ಕಿತು. ತ್ಸಾಯೆ ಮರೆಯಿಂದ ಕೂಗಿದ: "ಬನ್ರೋ ಕೆಳಗೆ! ಹಿಟ್ಟಿದೆ, ಕಂಬಳಿ ಇದೆ, ನಿಮ್ಮ ಅಳಿಯಂದಿರೇ ಬಂದಿದಾರೆ!" ಉತ್ತರವಾಗಿ ಬಂದ ಗುಂಡು ನನ್ನ ಕಿವಿ ಕಚ್ಚಿಕೊಂಡು ಹೋಯಿತು. ಆಮೇಲೆ ಮಾತಿರಲಿಲ್ಲ. ಹೊಟ್ಟೆ ಸೀಳಿದ ಹೇಸರಗತ್ತೆಯೊಂದು ತನ್ನ ಕರುಳನ್ನೇ ತುಳಿಯುತ್ತ ಓಡಿತು. ನನ್ನ ಪಕ್ಕದಲ್ಲಿದ್ದವನ ದವಡೆ ಹಾರಿಹೋಯಿತು. ಏನೋ ಹೇಳಲು ಹೆಣಗುತ್ತಲೇ ಸತ್ತ. ಉರಿಯುವ ಗುಡಿಸಲಿನಿಂದ ಬಿಲ್ಲು ಹಿಡಿದು ಬಂದ ಮುದುಕನನ್ನು ನಾನೇ ಹೊಡೆದೆ. ಎದೆಯ ಮೇಲೆ ಬಟ್ಟೆ ಹೊತ್ತಿಕೊಂಡಿದ್ದರೂ ಅವನು ಇನ್ನೊಂದು ಬಾಣ ಹುಡುಕುತ್ತಿದ್ದ.

ಬಳಿಕ ನನ್ನನ್ನೂ ಒಬ್ಬ ಬಿಳಿ ಸಿಪಾಯಿಯನ್ನೂ ಹಿಂಬದಿಯ ಇಕ್ಕಟ್ಟು ದಾರಿಗೆ ಕಾವಲಿಟ್ಟರು. ಶರಣಾಗಿ ಎಂದು ನಾನು ಕೂಗಿದೆ. ನನ್ನ ದನಿ ಗುರುತಿಸಿ ಕೆಳಗಿನಿಂದ ನಿನ್ನ ಅಮ್ಮ ಕೂಗಿದಳು: "ಅದ್ಯಾರು, ಆ ಕಾಗದ ಓದೋ ಅಳಿಯನಾ? ಯಾರಾದ್ರೂ ಅವನಿಗೆ ಹೇಳ್ರೋ, ಬಂಡೆ ಕಡೆ ಮುಖ ಮಾಡ್ಲಿ. ಮಕ್ಕಳನ್ನ ಕರ್ಕೊಂಡು ಬರ್ತಿದೀನಿ!" ಅತ್ತೆಯ ಮುಖವನ್ನು ಅಳಿಯ ನೋಡಬಾರದು. ನಾನು ಹೊಡೆದ ಜಿಂಕೆಯನ್ನು ನೀನು ಅವಳಿಗೆ ಒಯ್ಯುತ್ತಿದ್ದೆ, ಅವಳು ಸುಟ್ಟ ಮೆಸ್ಕಾಲ್ ಗೆಡ್ಡೆಯನ್ನು ನನಗೆ ತರುತ್ತಿದ್ದೆ. ಬೇರೆ ಬೆಟ್ಟದಿಂದ ಬಂದ ನನಗೆ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಬಂದೂಕು ಇಳಿಸಿ ಬಂಡೆಗೆ ಹಣೆ ಒತ್ತಿ ನಿಂತೆ. "ಏಯ್, ಏನ್ ಮಾಡ್ತಿದೀಯ? ತಿರುಗು! ಬರ್ತಿದಾರೆ!" ಎಂದು ಸಿಪಾಯಿ ಕಿರುಚಿದ. "ನಮ್ಮತ್ತೆ! ಶರಣಾಗ್ತಿದಾಳೆ, ಹೊಡೀಬೇಡ!" ಎಂದೆ. ಅವನಿಗೆ ಕಂಡದ್ದು ಬಂದೂಕು ಇಳಿಸಿ ಬೆನ್ನು ಹಾಕಿದ ಅಪಾಚೆ ಮಾತ್ರ. ಮೋಸವೆಂದುಕೊಂಡ. ಗುಂಡು ನನ್ನ ಬೆನ್ನ ಹಿಂದೆಯೇ ಸಿಡಿಯಿತು.

ಮುಖ ತಿರುಗಿಸಿದ್ದು ತಪ್ಪೆಂದು ಯಾರೂ ನನ್ನಿಂದ ಹೇಳಿಸಲಾರರು. ನಿನ್ನೆ ಆ ಕಣಿವೆಯಲ್ಲಿ ಮನುಷ್ಯರು ಮನುಷ್ಯರಿಗೆ ಕೊಟ್ಟ ಮರ್ಯಾದೆ ಅದೊಂದೇ. ಹಿಂದಿರುಗಿದ ಕೂಡಲೇ ಅಧಿಕಾರಿಯ ಮುಂದೆ ನಿಂತು ಆ ಸಿಪಾಯಿಯ ಹೆಸರು ಹಿಡಿದು ದೂರು ಕೊಡುತ್ತೇನೆ. "ಯಾರ ಕಾನೂನಿಗೆ ದೂರು ಹೇಳ್ತೀಯೋ, ಅವರದಕ್ಕಾ?" ಎಂದ ತ್ಸಾಯೆ, ಈ ಸಲ ನಗದೆ. ಅವರದಕ್ಕೇ. ಆ ಕರಪತ್ರಗಳನ್ನು ಅಚ್ಚು ಹಾಕಿಸಿ ಹಂಚಿದವರು ಅವರು. ಒಂದೊಂದು ಸಾಲಿಗೂ ಉತ್ತರ ಕೊಡಲಿ.

ನಿನ್ನ ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಮುಂಜಾವದ ಪರಾಗ ನಿನ್ನ ಹಣೆಯ ಮೇಲಿರಲಿ.

ನಿನ್ನ
ನಾಷ್ಕಿನ್

ಮತ್ತೆ: ಟಪಾಲು ಒಯ್ಯುವವನು ಜೀನು ಬಿಗಿಯುತ್ತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಗುಂಡು ನಿನ್ನ ಅಮ್ಮನ ಕತ್ತಿಗೆ ಬಿತ್ತು. ಅವಳು ಇಲ್ಲ. ಮಕ್ಕಳು ನನ್ನನ್ನು ದಾಟಿ ಓಡಿಹೋದರು, ಯಾರ ಕೈಗೂ ಸಿಕ್ಕಲಿಲ್ಲ. ಅವಳನ್ನು ಮಲಗಿಸಲು ಬೇರೆ ಯಾರೂ ಇರಲಿಲ್ಲ. ನಾನೇ ಕಲ್ಲುಸಂದಿಯಲ್ಲಿಟ್ಟು ಮುಚ್ಚಿದೆ. ನೋಡಲೇಬೇಕಾಯಿತು. ನಿನ್ನದೇ ಮುಖ, ದಿಲ್ಜೇ. ಸತ್ತವರ ಹೆಸರು ಕರೆಯಬಾರದು, ಇನ್ನು ಅವಳದನ್ನು ಎತ್ತಬೇಡ. ಸೂತಕಕ್ಕೆ ಕೂದಲು ಕತ್ತರಿಸಿಕೋ. ನನ್ನದನ್ನು ಕತ್ತರಿಸಿ ಅವಳ ಜೊತೆ ಇಟ್ಟಿದ್ದೇನೆ.